ಸೊಸೆಯ ಕಾಲು, ಮಾವನ ಟೊಂಕ

ಅಂದು ಬೆಳಗಿನಿಂದ ಆದ ಕೆಲಸ ಇಷ್ಟು: ನಳದ ನೀರು ತುಂಬಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಶೇಂಗಾ ಹುರಿದು ಚಟ್ನಿ ಕುಟ್ಟಿದೆ. ಮಕ್ಕಳ ಕೊರಳಿನಿಂದ ಟವೆಲ್ ಬಿಚ್ಚಿಸಿ ಒಗೆಯಲು ಹಾಕಿದೆ. ಚಿತ್ರದ ಪುಸ್ತಕದಲ್ಲಿ ಕೊರಳಿಗೆ ವಸ್ತ್ರ ಕಟ್ಟಿ ಆಕಾಶಕ್ಕೆ ಹಾರುವ ವೀರನನ್ನು ಕಂಡಾಗಿನಿಂದ ಅವರು ಟವೆಲ್ ಕಟ್ಟಿಕೊಂಡೇ ಊಟಕ್ಕೆ ಕೂಡುತ್ತಿದ್ದರು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ, ಮಾವನವರ ಟೊಂಕಕ್ಕೆ ಶಾಖ ಕೊಡಲು ಅತ್ತೆಯ ಕೈಗಿತ್ತೆ.

ಈ ಕೊನೆಯದು ದಿನನಿತ್ಯದ ಕೆಲಸವಲ್ಲ. ಹಿಂದಿನ ದಿನ ಸೊಲ್ಲಾಪುರದ ನವಿ ಪೇಠದ ನಮ್ಮ ಅಂಗಡಿಯಲ್ಲಿ, ಭಾರ ಎತ್ತುವುದು ಹೇಗೆಂದು ಆಳುಗಳಿಗೆ ತೋರಿಸಲು ಮಾವನವರು ಚಾದರದ ದೊಡ್ಡ ಗಂಟಿಗೆ ಕೈ ಹಾಕಿದ್ದರು. ಗಂಟು ಅಲ್ಲೇ ಉಳಿಯಿತು. ಆಳುಗಳು ಮಾವನವರನ್ನು ಎತ್ತಿಕೊಂಡು ಬಂದರು.

ನಮ್ಮ ಮನೆಯಲ್ಲಿ ಟೊಂಕ ಹಿಡಿಯುವುದು ಸ್ವಲ್ಪ ನಾಚಿಕೆಯ ಸಂಗತಿ. ಹುಟ್ಟುವಾಗ ಕಾಲು ಮುಂದಾಗಿ ಬಂದವರನ್ನು ನಮ್ಮ ಕಡೆ ಪಾಯಾಳು ಅನ್ನುತ್ತಾರೆ. ಅವರು ಮೆಲ್ಲಗೆ ಒದ್ದರೆ ಉಳುಕಿದ ಟೊಂಕ ಬಿಡುತ್ತದೆಂದು ನಂಬಿಕೆ. ಮಾವನವರ ತಂದೆ ಹಾಗೆ ಹುಟ್ಟಿದ್ದರಂತೆ. ಮಾವನವರು ಎಲ್ಲರಂತೆ ತಲೆ ಮುಂದಾಗಿಯೇ ಬಂದವರು, ನನ್ನ ಯಜಮಾನರೂ ಅಷ್ಟೆ. ಆದರೆ ಅಂಗಡಿ, ತಿಜೋರಿಯ ಕೀಲಿ, ವ್ಯಾಪಾರಿಗಳ ಸಭೆಯಲ್ಲಿ ಅಧ್ಯಕ್ಷರ ಕುರ್ಚಿ ಎಲ್ಲವೂ ಹಿರಿಮಗನಿಂದ ಹಿರಿಮಗನಿಗೆ ಇಳಿಯುವ ಮನೆಯಲ್ಲಿ ಕಾಲಿನ ಗುಣವೊಂದೇ ಯಾಕೆ ಹಿಂದೆ ಉಳಿದೀತು? ರವಿವಾರ ನಮ್ಮ ಕಟ್ಟೆಯ ಮೇಲೆ ಜನ ತೆಂಗಿನಕಾಯಿ ತಂದು ಬೋರಲು ಮಲಗುತ್ತಿದ್ದರು. ಯಜಮಾನರು ತಲೆಗೆ ಪಟಕಾ ಸುತ್ತಿಕೊಂಡು ಒದೆಯುತ್ತಿದ್ದರು. ನಾಲ್ಕೈದು ದಿನಕ್ಕೆ ತಾನೇ ಬಿಡುವ ನೋವು ನಾಲ್ಕೈದು ದಿನಕ್ಕೆ ಬಿಡುತ್ತಿತ್ತು. ಕೀರ್ತಿ ಊರು ದಾಟಿ ಮಂದ್ರೂಪ ಹಳ್ಳಿಯವರೆಗೆ ಹಬ್ಬಿತ್ತು.

ಅಂದು ಸಂಜೆಯೇ ಸಭೆ. ಕುರ್ಚಿ ಖಾಲಿ ಕಂಡರೆ ಎದುರಿನ ಅಂಗಡಿಯವರು ಕೂತುಬಿಡುತ್ತಾರೆಂದು ಮಾವನವರಿಗೆ ಟೊಂಕಕ್ಕಿಂತ ಹೆಚ್ಚಿನ ನೋವು. ಯಜಮಾನರು ಸ್ನಾನ ಮಾಡಿ ಬಂದು ಒದ್ದರು. ಅಲ್ಲಿಯವರೆಗೆ ಎಡಕ್ಕಾದರೂ ಹೊರಳುತ್ತಿದ್ದ ಮಾವನವರು ಅದನ್ನೂ ಬಿಟ್ಟರು.

"ನಂಬಿಗಿ ಇಟ್ಟು ಮಲಗಬೇಕ್ರಿ ಅಪ್ಪಾ."

"ನಂಬಿಗಿ ಇಟ್ಟೇ ಮಲಗಿದ್ನೆಪಾ. ಅದಕ್ಕ ಇಷ್ಟ ಪೆಟ್ಟ ಹತ್ತಿತು."

ಅಡಿಗೆ ಮನೆಯಲ್ಲಿ ನನ್ನ ಜೊತೆ ಅಕ್ಕಿ ಆರಿಸುತ್ತಿದ್ದವಳು ನೆಗೆಣ್ಣಿ, ಮೈದುನನ ಹೆಂಡತಿ. ಅಕ್ಕಲಕೋಟ ಕಡೆಯ ಒಕ್ಕಲುತನದ ಮನೆಯ ಹುಡುಗಿ. ಸಾಲಿ ಮಾಸ್ತರಕಿಯ ತರಬೇತಿ ಒಂದು ವರ್ಷ ಸೊಲ್ಲಾಪುರದ ಕಾಲೇಜಿನಲ್ಲೇ ಮುಗಿಸಿದ್ದಳು, ಅಷ್ಟರಲ್ಲಿ ಮದುವೆಯಾಯಿತು. ಎರಡನೆಯ ವರ್ಷಕ್ಕೆ ಹೆಸರು ಹಚ್ಚಲು ಅದೇ ವಾರ ಕೊನೆ. ಕೇಳಿದ್ದಕ್ಕೆ ಮಾವನವರು, "ನಮ್ಮ ಮನಿ ಸೊಸ್ತ್ಯಾರ ಕಾಲು ಬಜಾರಕ್ಕ ಬೀಳೂದಿಲ್ಲ" ಅಂದಿದ್ದರು. ಎರಡು ದಿನದಿಂದ ಅವಳು ಊಟ ಬಿಟ್ಟಂತೆಯೇ ಇತ್ತು.

ಈಗ ಅವಳು ಮೊರ ಕೆಳಗಿಟ್ಟು, ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ ನನಗೆ ಹೇಳಿದಳು: "ಅಕ್ಕಾರ, ನಾ ಪಾಯಾಳು ಹುಟ್ಟೀನ್ರಿ."

ಅತ್ತೆ ಒಳಗೆ ಬಂದರು. "ಇಷ್ಟ ದಿನಾ ಯಾಕ ಬಾಯಿ ಬಿಡಲಿಲ್ಲ?"

"ಕನ್ಯಾ ನೋಡಾಕ ಬಂದಾಗ ರೊಟ್ಟಿ ಬಡ್ಯಾಕ ಬರ್ತದೇನು ಅಂತ ಕೇಳಿದ್ರಿ ಅತ್ತಿ. ಹೆಂಗ ಹುಟ್ಟೀದಿ ಅಂತ ಯಾರೂ ಕೇಳಲಿಲ್ರಿ."

"ಹೆಣ್ಮಕ್ಕಳ ಕಾಲಿಗೆ ಗುಣ ಇರೂದಿಲ್ಲ," ಎಂದರು ಯಜಮಾನರು, ಅನುಭವಸ್ಥರ ದನಿಯಲ್ಲಿ.

"ನಿನ್ನ ಕಾಲಿನ ಗುಣಾ ನೋಡೀನಲ್ಲ, ಸುಮ್ಮ ಕುಂಡ್ರು," ಎಂದರು ಮಾವನವರು.

ನೆಗೆಣ್ಣಿ ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದ ಮುಂದುವರಿಸಿದಳು. "ಆದ್ರ ಈಗ ಒದ್ದರ ಉಪಯೋಗಿಲ್ರಿ. ಮದಿವ್ಯಾದಾಗಿಂದ ಮನ್ಯಾಗ ಕುಂತೀನಿ. ಕುಂತ ಕಾಲಿಗೆ ಗುಣ ನಿಲ್ಲೂದಿಲ್ಲಂತ ನಮ್ಮ ಅಜ್ಜಿ ಹೇಳತಿದ್ಲು. ದಿನಾ ಹೊರಗಿನ ಮಣ್ಣು ತುಳೀಬೇಕಂತ."

"ಮಾಳಗಿ ಮ್ಯಾಲ ಅಡ್ಡಾಡು," ಎಂದರು ಅತ್ತೆ.

"ಮಾಳಗಿಗೆ ಗಚ್ಚು ಹಾಕ್ಸೀರಲ್ರಿ. ಮಣ್ಣೆಲ್ಲೈತಿ?"

ಮಾವನವರು ಗೋಡೆಗೇ ಕೇಳಿದರು: "ಎಷ್ಟು ದೂರ ನಡೀಬೇಕಂತ?"

"ಕಾಲೇಜಿನ ಮಟ ಹೋಗಿ ಬಂದ್ರ ಸಾಕಾಗ್ತದ್ರಿ. ಹೋದಾಕಿ ಹೆಸರೂ ಹಚ್ಚಿ ಬರ್ತೀನಿ."

ಅವಳ ಅಜ್ಜಿಯರಿಬ್ಬರೂ ಅವಳು ಹುಟ್ಟುವ ಮೊದಲೇ ತೀರಿದ್ದರೆಂದು ನನಗೆ ಗೊತ್ತಿತ್ತು. ನಾನು ಚಟ್ನಿಯನ್ನು ಡಬ್ಬಿಗೆ ತುಂಬುತ್ತ ಕೂತೆ. ಮಾವನವರು ಕುರ್ಚಿಯನ್ನು ನೆನೆದುಕೊಂಡರೆಂದು ಕಾಣುತ್ತದೆ. "ಹೋಗಿ ಬಾ. ಲಗೂನ ಬಾ," ಎಂದರು.

ಜೊತೆಗೆ ನಾನೇ ಹೋದೆ. ಮಣ್ಣು ಹತ್ತಲೆಂದು ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ಹೆಸರು ಹಚ್ಚಿ ಮಧ್ಯಾಹ್ನಕ್ಕೆ ಬಂದೆವು. ಸೊಸೆ ಮಾವನಿಗೆ ಕಾಲು ತಾಗಿಸುವುದು ಹೇಗೆಂಬುದಕ್ಕೆ ಅತ್ತೆ ಅಷ್ಟರಲ್ಲಿ ದಾರಿ ಹುಡುಕಿದ್ದರು: ಮೈಮೇಲೆ ಅಂಗಡಿಯ ಹೊಸ ಚಾದರ ಹೊದಿಸಿದ್ದರು. ಒದೆ ಬೀಳುವುದು ಚಾದರಕ್ಕೆ, ಗುಣ ಮಾವನಿಗೆ. ನೆಗೆಣ್ಣಿ ಮೊದಲು ನಮಸ್ಕಾರ ಮಾಡಿದಳು, ಒದ್ದಳು, ಮತ್ತೆ ನಮಸ್ಕಾರ ಮಾಡಿದಳು. ಮಾವನವರು ಕೂಡಲೇ ಎದ್ದು ಕೂತರು. ನೋವು ಬಿಟ್ಟಿತ್ತೋ, ಇನ್ನೊಂದು ಬೀಳುತ್ತದೆಂಬ ಅಂಜಿಕೆಯೋ, ಅವರಿಗೇ ಗೊತ್ತು.

ಸಭೆಗೆ ಹೋದರು. ಬೆನ್ನಿಗೆ ದಿಂಬು ಇಟ್ಟುಕೊಂಡು ಕುರ್ಚಿಯಲ್ಲಿ ಕೂತು, ತಮ್ಮ ಹೊಸ್ತಿಲು ದಾಟಿ ಬಂದ ಸೊಸೆಗೂ ಹಿರಿಯರ ಗುಣ ಹತ್ತಿದೆಯೆಂದು ಎಲ್ಲರಿಗೂ ಹೇಳಿದರಂತೆ. ಹುಟ್ಟಿನ ಗುಣವನ್ನು ಹೊಸ್ತಿಲ ಲೆಕ್ಕಕ್ಕೆ ಹಚ್ಚಿ ಬಂದವರು ಊಟಕ್ಕೆ ಕೂತಾಗ ಅತ್ತೆ ಕೇಳಿದರು: "ಟೊಂಕ ನೆಟ್ಟಗಾತಲ್ಲ, ಇನ್ನ ಆಕಿ ಯಾಕ ಹೊರಗ ಹೋಗಬೇಕು?"

"ರವಿವಾರ ಬರ್ರೆಂತ ಮಂದಿಗೆ ಹೇಳಿ ಬಂದೀನಿ. ಕಾಲು ಕುಂತ್ರ ನನ್ನ ಮಾತು ಏನಾಗಬೇಕು? ದಿನಾ ಹೋಗ್ಲಿ."

ಅಂದು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ನೆಗೆಣ್ಣಿ ಮೂರು ರೊಟ್ಟಿ ತಿಂದು, ಬೆಳಗ್ಗೆ ಬೇಗ ಎಬ್ಬಿಸಿರೆಂದು ನನಗೆ ಹೇಳಿ, ಎಲ್ಲರಿಗಿಂತ ಮೊದಲು ಮಲಗಿದಳು. ಕೊನೆಗೆ ಉಳಿದವರು ಯಜಮಾನರು. ತಮ್ಮ ಪಾದ ನೋಡಿಕೊಳ್ಳುತ್ತ ಕೂತಿದ್ದವರು ಮೆಲ್ಲಗೆ ಕೇಳಿದರು: "ಮಣ್ಣಾಗ ಅಡ್ಡಾಡಿದ್ರ ನನ್ನ ಕಾಲಿಗೂ ಬರ್ತದೇನು?"

"ಬರ್ತದ್ರಿ," ಎಂದೆ. "ನಾಳಿಂದ ಗಿರಣಿಗೆ ನೀವೇ ಹೋಗಿ ಬರ್ರಿ."