ದೊರೆಯ ಚಕ್ರ, ನನ್ನ ಬ್ರೇಕು

ನಾನು ಮಗ್ಗೆಯಲ್ಲಿದ್ದುಕೊಂಡು ಬೆಂಗಳೂರಿನ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ಕಾಲದಲ್ಲಿ, ಅದು ಅಲ್ಲಿಗೆ ತಲುಪಲು ಇದ್ದದ್ದು ಒಂದೇ ದಾರಿ. ಲಕೋಟೆಯನ್ನು ಬಾಳ್ಳುಪೇಟೆಗೆ ಒಯ್ದು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ನನ್ನ ಸೈಕಲ್ಲು ಆ ಬಸ್ಸಿನ ಹಿಂಭಾಗವನ್ನು ನೋಡುವುದರಲ್ಲಿ ಪಳಗಿತ್ತು. ಇನ್ನೊಂದು ಪತ್ರಿಕೆಯ ಬಾತ್ಮೀದಾರ ಬಸ್ಸು ನಿಲ್ಲುವ ಜಾಗದ ಎದುರಿಗೇ ಜವಳಿ ಅಂಗಡಿ ಇಟ್ಟಿದ್ದ. ಅವನು ರಸ್ತೆ ದಾಟಿದರೆ ಸಾಕಿತ್ತು. ನಮ್ಮ ಸಂಪಾದಕರು ಪತ್ರ ಬರೆದರು: ಇನ್ನೊಂದು ಸಲ ಸುದ್ದಿ ತಡವಾದರೆ ನಿಮ್ಮ ಜಾಗಕ್ಕೆ ಬಾಳ್ಳುಪೇಟೆಯವರನ್ನೇ ನೇಮಿಸಿಕೊಳ್ಳುತ್ತೇವೆ. ಆ ಪತ್ರ ಮಾತ್ರ ತಡವಾಗದೆ ಬಂದಿತ್ತು.

ತಪ್ಪು ಚಕ್ರಗಳದ್ದೆಂದು ನಾನು ಕಂಡುಕೊಂಡೆ. ಮನೆಯಿಂದ ಬೇಗ ಹೊರಡಬಹುದಿತ್ತು ಎಂಬುದು ಹೊಳೆಯಲಿಲ್ಲ. ಹತ್ತಿರದ ಎಸ್ಟೇಟಿನ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಓಟದ ಸೈಕಲ್ಲೊಂದು ಸ್ಟೋರಿನ ಮೂಲೆಯಲ್ಲಿತ್ತು. ಅದರ ಎರಡೂ ಚಕ್ರಗಳನ್ನು ಅಲ್ಲಿ ಲೆಕ್ಕ ಬರೆಯುವ ರೈಟರು ನನಗೆ ಬಿಚ್ಚಿಕೊಟ್ಟರು. ಒಂದು ಬೆರಳಿನಲ್ಲಿ ಎತ್ತಬಹುದಾದಷ್ಟು ಹಗುರ.

ಬಾಳ್ಳುಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ವಯಸ್ಸಾದ ಸಾಬರು ಚಕ್ರವನ್ನು ತಿರುಗಿಸಿ ನೋಡಿದರು.

"ಒಳ್ಳೆ ಮಾಲು. ಆದ್ರೆ ನಿಮ್ ಗಾಡಿಗಾಗಕ್ಕಿಲ್ಲ ಸ್ವಾಮಿ."

"ಅಳತೆ ಸರಿ ಐತಲ್ಲ ಸಾಬ್ರೇ?"

"ಅಳತೆ ಸರಿ ಐತೆ. ಬ್ರೇಕ್ ನೋಡ್ರಿ. ನಿಮ್ದು ಸರಳಿನ ಬ್ರೇಕು, ರಬ್ಬರು ರಿಮ್ಮಿನ ಒಳಗಡೆ ಬಂದು ಒತ್ತೋದು. ದೊರೆ ಗಾಡೀದು ಎರಡು ಪಕ್ಕದಿಂದ ಅಮುಕೋದು. ಈ ರಿಮ್ಮಿನ ಒಳಗಡೆ ರಬ್ಬರು ಕೂರೋಕೆ ಚಪ್ಪಟೆ ಜಾಗಾನೇ ಇಲ್ಲ. ಎಸ್ಟೇಟಿಗೆ ಹೋಗಿ ಆ ಬ್ರೇಕೂ ಬಿಚ್ಚಿಸ್ಕೊಂಡ್ ಬನ್ನಿ."

"ಇಷ್ಟು ಸಣ್ಣ ವಿಷಯಕ್ಕೆ ಇನ್ನೊಂದ್ಸಲ ಯಾರು ಹೋಗ್ತಾರೆ? ಹಾಕ್ಕೊಡಿ."

"ಹಾಕ್ಕೊಡ್ತೀನಿ. ಓಡ್ಸೋರು ನೀವು."

ಯಾರದಾದರೂ ಇನಿಷಿಯಲ್ಲು ತಪ್ಪಿದರೆ ಇಡೀ ಸುದ್ದಿಯನ್ನು ಹರಿದು ಮತ್ತೆ ಬರೆಯುತ್ತಿದ್ದವನು ನಾನು. ರಿಮ್ಮಿನ ಆಕಾರಕ್ಕೂ ಆ ಗೌರವ ಸಲ್ಲಬೇಕೆಂದು ಅನಿಸಲಿಲ್ಲ. ಬಾಳ್ಳುಪೇಟೆಯಿಂದ ಮಗ್ಗೆಗೆ ಹಿಂತಿರುಗುವಾಗ ಬಹುಪಾಲು ಏರು. ಬ್ರೇಕು ಒಮ್ಮೆಯೂ ಬೇಕಾಗಲಿಲ್ಲ. ಪರೀಕ್ಷೆ ಯಶಸ್ವಿಯಾಯಿತೆಂದು ತೀರ್ಮಾನಿಸಿದೆ.

ಎರಡು ದಿನದ ಮೇಲೆ ಕೆ. ಹೊಸಕೋಟೆ ಕಡೆಯ ಮೋರಿಯೊಂದು ಮಳೆಗೆ ಕುಸಿದು ಆ ರಸ್ತೆಯ ಬಸ್ಸುಗಳು ನಿಂತವು. ಸುದ್ದಿ ಬರೆದು, ಲಕೋಟೆ ಜೇಬಿಗಿಟ್ಟು ಹೊರಟೆ. ಚಕ್ರಗಳ ವೇಗದ ಬಗ್ಗೆ ದೂರುವಂಥದ್ದೇನೂ ಇರಲಿಲ್ಲ. ಬಾಳ್ಳುಪೇಟೆಗೆ ಇಳಿಯುವ ಕೊನೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದೆ. ಸರಳುಗಳು ಎದ್ದವು. ರಬ್ಬರುಗಳು ತಾವು ಬರಬೇಕಾದ ಜಾಗಕ್ಕೆ ಚಾಚೂ ತಪ್ಪದೆ ಬಂದವು. ಅಲ್ಲಿ ಒತ್ತಲು ಏನೂ ಇರಲಿಲ್ಲ. ಹೆದ್ದಾರಿಯ ಪಕ್ಕದಲ್ಲಿ, ಜವಳಿ ಅಂಗಡಿಯ ಮುಂದೆ, ಹುಲ್ಲು ತುಂಬಿದ ಗಾಡಿಯೊಂದು ನಿಂತಿತ್ತು. ನಾನೂ ಅಲ್ಲೇ ನಿಂತೆ.

ಬಸ್ಸು ಇನ್ನೂ ಬಂದಿರಲಿಲ್ಲ. ಅದು ಬಂದಾಗ ಕಂಡಕ್ಟರ್ ಇಳಿದು ಬಂದು, ನನ್ನ ಜೇಬಿನಿಂದ ಹುಲ್ಲಿನೊಳಗೆ ಹಾರಿ ಬಿದ್ದಿದ್ದ ಲಕೋಟೆಯನ್ನು ಎತ್ತಿಕೊಂಡ.

"ಏನ್ ಸ್ವಾಮಿ, ಇವತ್ತು ನಮಗಿಂತ ಮುಂಚೆನೇ ಬಂದ್ಬುಟ್ಟಿದ್ದೀರಲ್ಲ."

ಮೋರಿಯ ಸುದ್ದಿ ಮರುದಿನವೇ ನಮ್ಮ ಪತ್ರಿಕೆಯಲ್ಲಿ ಬಂತು. ಸಂಪಾದಕರು ನನ್ನನ್ನು ಉಳಿಸಿಕೊಂಡರು. ಆದರೆ ಜವಳಿ ಅಂಗಡಿಯವನೂ ಅದೇ ಬಸ್ಸಿಗೆ ಒಂದು ಲಕೋಟೆ ಹಾಕಿದ್ದ. ಅವನ ಪತ್ರಿಕೆಯ ತಲೆಬರಹ: ಬ್ರೇಕ್ ವಿಫಲ, ಸೈಕಲ್ ಸವಾರನಿಗೆ ಗಾಯ. ಇದು ತಪ್ಪು ವರದಿ. ಬ್ರೇಕು ತನ್ನ ಕೆಲಸವನ್ನು ಪೂರ್ತಿ ಮಾಡಿತ್ತು. ಎಡಗೈಗೆ ಕಟ್ಟು ಹಾಕಿಸಿಕೊಂಡು ಬಂದು, ಬಲಗೈಯಲ್ಲಿ ಆ ಪತ್ರಿಕೆಗೆ ಎರಡು ಪುಟದ ತಿದ್ದುಪಡಿ ಬರೆದೆ. ಒಂದು ಕಾರ್ಡಿನಲ್ಲಿ ಉತ್ತರ ಬಂತು. ಇಷ್ಟು ಸಣ್ಣ ವಿಷಯಕ್ಕೆ ತಿದ್ದುಪಡಿ ಹಾಕುವ ಪದ್ಧತಿ ಅವರಲ್ಲಿ ಇರಲಿಲ್ಲವಂತೆ.

ಸಾಬರು ನನ್ನ ಹಳೆಯ ಚಕ್ರಗಳನ್ನು ಮತ್ತೆ ಜೋಡಿಸುತ್ತಿದ್ದಾಗ ಕಾರ್ಡನ್ನು ಅವರಿಗೆ ಓದಿ ಹೇಳಿದೆ.

"ಸರಿಯಾಗೇ ಬರ್ದವ್ರೆ ಬುಡಿ. ನೀವೂ ಅದ್ನೇ ಅಲ್ವಾ ಅಂದಿದ್ದು?" ಎಂದರು. ಆಮೇಲೆ ನಟ್ಟು ಬಿಗಿಯುತ್ತಾ ಸೇರಿಸಿದರು: "ನಾಳೆಯಿಂದ ಅರ್ಧ ಗಂಟೆ ಬೇಗ ಹೊರಡ್ರಿ ಸ್ವಾಮಿ. ಅದ್ಕೆ ಯಾವ ಸಾಮಾನೂ ಬೇಕಾಗಕ್ಕಿಲ್ಲ."