ಬಾಗಿಲಿನ ಮೇಲಿನ ಹೆಸರು

ಅವರ ಬಲಗೈಯ ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಲಿಫ್ಟಿನೊಳಗೆ ನಿಂತರೆ ಸ್ಟೀಲಿನ ಗೋಡೆಯ ಮೇಲೆ, ಬಸ್ಸಿಗೆ ಕಾಯುವಾಗ ಹ್ಯಾಂಡ್‌ಬ್ಯಾಗಿನ ಮೇಲೆ, ನಮ್ಮ ಮನೆಗೆ ಬಂದು ಕೂತರೆ ಮೊಣಕಾಲಿನ ಮೇಲೆ ಅದು ಏನನ್ನೋ ಬರೆಯುತ್ತಲೇ ಇರುತ್ತಿತ್ತು. ತುದಿಯಲ್ಲಿ ಸ್ವಲ್ಪ ಬಾಗಿದ, ಉಗುರನ್ನು ತೀರಾ ಗಿಡ್ಡಕ್ಕೆ ಕತ್ತರಿಸಿದ ಬೆರಳು. ಕುವೈತಿನ ಮಂಗಫ್‌ಗೆ ಬಂದ ಹೊಸತರಲ್ಲಿ ನಾನದನ್ನು ನೋಡಿ, ಪಾಪ, ಏನೋ ನರದ ಕಾಯಿಲೆ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಜಪಾನಿನ ಊರುಗಳ ಹೆಸರು ಬರೆಯುತ್ತಿದ್ದೇನೆ, ಅಕ್ಷರದ ಗೆರೆ ಮರೆತುಹೋಗಬಾರದಲ್ಲ ಎಂದರು, ಅದೇನೋ ಎಲ್ಲರೂ ಮಾಡುವ ಕೆಲಸ ಎನ್ನುವಂತೆ.

ನಮ್ಮ ಮೇಲಿನ ಮಹಡಿಯಲ್ಲಿ ಅವರೊಬ್ಬರೇ ಇದ್ದರು. ಉಡುಪಿ ಕಡೆಯವರು, ಮನೆಮಾತು ತುಳು. ನಾವು ಮೈಸೂರಿನವರು, ನನ್ನ ಗಂಡ ರಿಫೈನರಿಯಲ್ಲಿ ಇಂಜಿನಿಯರ್. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಬಿಲ್ಡಿಂಗಿನ ಮಕ್ಕಳಿಗೆಲ್ಲ ಅವರು ಪೋಸ್ಟ್ ಆಂಟಿ. ರಾಯ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಜಪಾನಿನಿಂದ ಲಾರಿಯ ಬಿಡಿಭಾಗ ತರಿಸುವ ಒಂದು ಕಂಪನಿಯಿತ್ತು, ಅಲ್ಲಿಯ ಟಪಾಲೆಲ್ಲ ಇವರ ಕೈಯಲ್ಲಿ. ವರ್ಷಕ್ಕೊಮ್ಮೆ ಜಪಾನಿನಿಂದ ಬರುತ್ತಿದ್ದ ಒಬ್ಬ ಹಿರಿಯರ ಬೆನ್ನುಬಿದ್ದು ಅಕ್ಷರ ಕಲಿತಿದ್ದರು. ಕಲಿತದ್ದನ್ನು ಬಚ್ಚಿಡುವ ವಿನಯಗಿನಯ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದರು, ಕೇಳದಿದ್ದರೆ ತಾವೇ ಶುರುಮಾಡುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೆ, ಟಪಾಲು ಬೆಳಿಗ್ಗೆಯೇ ಹೋಗಬೇಕಲ್ಲ, ಟೈಮೇ ಸಿಗಲಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು.

ಧೂಳೆದ್ದು ಕಿಟಕಿಯಾಚೆ ಎಲ್ಲ ಹಳದಿಯಾಗಿ, ಎದುರಿನ ಕಟ್ಟಡವೂ ಕರಗಿಹೋಗುವ ಶುಕ್ರವಾರಗಳಿರುತ್ತವಲ್ಲ, ಅಂಥ ಮಧ್ಯಾಹ್ನ ಊಟ ಮುಗಿಸಿ ಅಕ್ಕ ಕೆಳಗಿಳಿದು ಬರುತ್ತಿದ್ದರು. ಕೈಯಲ್ಲಿ ಆಫೀಸಿನ ಕಸದ ಬುಟ್ಟಿಯಿಂದ ಉಳಿಸಿಕೊಂಡ ಒಂದು ಹಳೆಯ ಲಕೋಟೆ. ಹೊರಗೆ ಹೋಗುವ ಹಾಗಿಲ್ಲ, ಜಪಾನಿಗಾದರೂ ಹೋಗಿಬರುವ ಎಂದು ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವರು. ನಮ್ಮ ವಿಳಾಸ ಮನುಷ್ಯನಿಂದ ಶುರುವಾಗಿ ಊರು, ಜಿಲ್ಲೆ, ದೇಶ ಎಂದು ದೊಡ್ಡದಾಗುತ್ತಾ ಹೋದರೆ ಅಲ್ಲಿಯದು ತಲೆಕೆಳಗು. ಮೊದಲು ಪಿನ್ ಕೋಡು, ಆಮೇಲೆ ಪ್ರಾಂತ್ಯ, ನಗರ, ಬಡಾವಣೆ, ಬ್ಲಾಕು, ಮನೆ, ಕಟ್ಟಕಡೆಗೆ ಹೆಸರು. ಅಕ್ಕ ಅದನ್ನು ಓದುತ್ತಿರಲಿಲ್ಲ, ಅದರೊಳಗೆ ಇಳಿಯುತ್ತಿದ್ದರು. ಕಣ್ಣು ಮುಚ್ಚಿ, ಈಗ ಮೋಡದ ಮೇಲಿದ್ದೇವೆ ಎನ್ನುವರು. ಇದು ಪ್ರಾಂತ್ಯ, ಗುಡ್ಡ ಕಾಣ್ತದಾ ಎಂದು ಕೇಳುವರು. ನಗರ ಬಂತು, ಹೊಳೆಗೆ ಸೇತುವೆ ಉಂಟು, ನಿಧಾನ ಎನ್ನುವರು. ಅಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲವಂತೆ. ಕುವೈತಿನಲ್ಲಿ ನಾವು ಮೊದಲಿದ್ದ ಸಲ್ವಾದ ಹಾಗೆ ಬ್ಲಾಕಿಗೆ ನಂಬರು. ಹಳೆಯ ಬಡಾವಣೆಯಾದರೆ ಮನೆಯ ನಂಬರುಗಳು ಸಾಲಾಗಿಯೂ ಇರುವುದಿಲ್ಲ, ಒಂದರ ಪಕ್ಕ ಇನ್ನೆಲ್ಲಿಯದೋ ನಂಬರು ಬಂದು ಕೂತಿರುತ್ತದೆ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು, "ಆಂಟಿ, ಐ ಕ್ಯಾನ್ ಸೀ ಸ್ನೋ" ಎನ್ನುವಳು. ಸೋಫಾದಲ್ಲಿ ಅರೆನಿದ್ದೆಯಲ್ಲಿದ್ದ ನನಗೂ ಎಲ್ಲೋ ಹಿಮ ಬೀಳುತ್ತಿರುವುದು, ಯಾರದೋ ಮನೆಯ ಬಾಗಿಲು ಸರಿದದ್ದು ಕೇಳಿಸಿದಂತಾಗುತ್ತಿತ್ತು. ಅಕ್ಕ ಜಪಾನಿಗೆ ಒಮ್ಮೆಯೂ ಹೋದವರಲ್ಲ.

ಇದೆಲ್ಲ ಹೊತ್ತು ಕಳೆಯುವ ಆಟ ಎಂದುಕೊಂಡಿದ್ದೆ, ನನ್ನ ತಂಗಿಯ ವಿಷಯ ಬರುವವರೆಗೆ.

ಅಮ್ಮ ತೀರಿಕೊಂಡ ಮೇಲೆ ನಾನೇ ಸಾಕಿದ ಹುಡುಗಿ ಅವಳು. ಕುವೈತಿಗೆ ಬಂದು, ನಾವು ಮಂಗಫ್‌ಗೆ ಬರುವ ಮೊದಲಿನ ಮನೆಯಲ್ಲಿ ನಮ್ಮ ಜೊತೆಗೇ ಇದ್ದು ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದಳು. ಪ್ಲಾಂಟಿನ ಕೆಲಸಕ್ಕೆ ಜಪಾನಿನಿಂದ ಬಂದಿದ್ದ ಒಬ್ಬ ಇಂಜಿನಿಯರ್ ಬೆನ್ನುನೋವೆಂದು ಅವಳ ಬಳಿ ಹೋದ. ನೋವು ವಾಸಿಯಾಯಿತು, ಹೋಗಿಬರುವುದು ನಿಲ್ಲಲಿಲ್ಲ. ಮದುವೆಯ ಮಾತೆತ್ತಿದಾಗ ಊರಿನಲ್ಲಿ ಅಪ್ಪ ಕೆಂಡವಾದರು. ನಡುವೆ ಸಿಕ್ಕಿಕೊಂಡ ನಾನು ಅತ್ತ ಅಪ್ಪನಿಂದಲೂ ಇತ್ತ ಅವಳಿಂದಲೂ ಉಗಿಸಿಕೊಂಡೆ. ಇನ್ನು ತನ್ನನ್ನು ಯಾರೂ ಹುಡುಕಬೇಡಿ ಎಂದು ಹೇಳಿ ಅವನ ಜೊತೆ ಹೊರಟೇಹೋದಳು. ಅವಳ ಇಲ್ಲಿಯ ಫೋನು ನಿಂತುಹೋಯಿತು. ಫ್ರಿಜ್ಜಿನ ಬಾಗಿಲಿಗೆ ನಾಗಾನೊ ಪ್ರಾಂತ್ಯದಲ್ಲಿರುವ ಅವನ ತಾಯಿಯ ಮನೆಯ ವಿಳಾಸ ಅಂಟಿಸಿ ಹೋಗಿದ್ದಳು, ಅಷ್ಟೇ.

ವರ್ಷ ಕಳೆದರೂ ಸುದ್ದಿಯಿಲ್ಲ. ಇದು ಚಿಕ್ಕವಳಿಗೆ ಎಂದು ಅಮ್ಮ ಎತ್ತಿಟ್ಟಿದ್ದ ಹಸಿರು ರೇಷ್ಮೆ ಸೀರೆ, ಜೊತೆಗೆ ಅವಳು ಪ್ರಾಣ ಬಿಡುವ ಮೆಂತ್ಯದ ಹಿಟ್ಟು, ಎರಡನ್ನೂ ಕಟ್ಟಿ ಪೋಸ್ಟಿಗೆ ಹಾಕಿದೆ. ತಿಂಗಳುಗಳಾದ ಮೇಲೆ ಪಾರ್ಸೆಲ್ಲು ಕಟ್ಟಿದ ಕಟ್ಟು ಬಿಚ್ಚದೆ ಗಂಡನ ಕಂಪನಿಯ ಪೋಸ್ಟ್ ಬಾಕ್ಸಿಗೆ ವಾಪಸ್ಸು ಬಂತು. ಮೇಲೊಂದು ಕೆಂಪು ಮುದ್ರೆ, ಅರ್ಧ ಅಳಿಸಿದ ಜಪಾನೀ ಅಕ್ಷರ. ಫೋನಿನ ಕ್ಯಾಮೆರಾ ಹಿಡಿದರೆ ತಲೆಬುಡವಿಲ್ಲದ ಏನನ್ನೋ ಹೇಳಿತು. ನನಗೆ ಅರ್ಥವಾಗುವುದಕ್ಕೆ ಇನ್ನೇನು ಬೇಕಿತ್ತು? ಬೇಡ ಎಂದಿದ್ದಾಳೆ. ಅಮ್ಮನ ಸೀರೆಯನ್ನೇ ಹಿಂದಕ್ಕೆ ಕಳಿಸುವಷ್ಟು ಕೊಬ್ಬು. ಗಂಡ, ಖಲಾಸ್, ಇನ್ನು ಬಿಟ್ಟುಬಿಡು ಎಂದರು. ನನಗೆ ತಂಗಿಯೇ ಇಲ್ಲ ಎಂದುಕೊಂಡು ಪಾರ್ಸೆಲ್ಲನ್ನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಎಸೆದೆ.

ಅಕ್ಕ ಬಂದವರು ಚಪ್ಪಲಿ ಬಿಡುವಾಗ ಅದನ್ನು ಕಂಡರು. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಒಯ್ದರು. ಯಾರದು ಎಂದು ಕೇಳಿದಾಗ ಎಲ್ಲವನ್ನೂ ಕಕ್ಕಿಬಿಟ್ಟೆ. ಅವರು ಮುದ್ರೆಯ ಮೇಲೆ ಬೆರಳಾಡಿಸುತ್ತಾ ಕೇಳಿಸಿಕೊಂಡರು.

"ಇದು ಬೇಡ ಅಂತ ಕಳಿಸಿದ್ದಲ್ಲ ಮಾರಾಯ್ತಿ. ಆ ವಿಳಾಸದಲ್ಲಿ ಈ ಹೆಸರಿನವರು ಸಿಗಲಿಲ್ಲ ಅಂತ ಮುದ್ರೆ."

ಸುಮ್ಮನೆ ಸಮಾಧಾನ ಹೇಳಬೇಡಿ ಎಂದೆ, ಸ್ವಲ್ಪ ಜೋರಾಗಿಯೇ.

"ಸಮಾಧಾನ ಹೇಳ್ಲಿಕ್ಕೆ ನನಗೆ ಬರುವುದಿಲ್ಲ. ಬೇಡ ಅಂದವರು ಬೇಡ ಅಂತ ಬರೆದು ಸಹಿ ಹಾಕಬೇಕು, ಅಲ್ಲಿಯ ಕ್ರಮ ಅದು. ಇದರಲ್ಲಿ ಸಹಿ ಎಲ್ಲುಂಟು, ತೋರಿಸು."

ಪಾರ್ಸೆಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದೆ. ಸಹಿ ಇರಲಿಲ್ಲ. ಅಲ್ಲೇ ನೆಲಕ್ಕೆ ಕೂತು ಅತ್ತೆ. ಅಕ್ಕ ತಡೆಯಲಿಲ್ಲ, ಅಡುಗೆಮನೆಗೆ ಹೋಗಿ ತಾವೇ ಚಹಾಕ್ಕಿಟ್ಟರು.

ಚಹಾ ಕುಡಿಯುತ್ತಾ ವಿಷಯ ಬಿಡಿಸಿದರು. ನಾನು ಬರೆದದ್ದು ತಂಗಿಯ ಹೆಸರು, ಅಪ್ಪನ ಇನಿಷಿಯಲ್ಲು, ಕೆಳಗೆ ಸ್ಟೇಷನ್ ಹತ್ತಿರ ಎಂದೊಂದು ಗುರುತು. ಕುವೈತಿನಲ್ಲಿ ಡೆಲಿವರಿಯವನು ಫೋನ್ ಮಾಡಿ, ಭಾಯಿ, ಯಾವ ಅಂಗಡಿಯ ಪಕ್ಕ ಎಂದು ಕೇಳಿಕೊಂಡು ಬರುತ್ತಾನೆ, ನಮಗೆ ಅದೇ ಅಭ್ಯಾಸ. ಅಲ್ಲಿಯ ಪೋಸ್ಟ್‌ಮ್ಯಾನ್ ಬಾಗಿಲಿನ ಫಲಕ ನೋಡುತ್ತಾನೆ. ತಂಗಿ ಇರುವುದು ಅತ್ತೆಯ ಮನೆಯಲ್ಲಿ, ಫಲಕದಲ್ಲಿರುವುದು ಅವರ ಮನೆತನದ ಹೆಸರು. ಹಾಗೆ ಇನ್ನೊಬ್ಬರ ಮನೆಯಲ್ಲಿರುವವರಿಗೆ ಕಳಿಸುವಾಗ, ಇಂಥವರ ಮನೆಯಲ್ಲಿರುವ ಇಂಥವರು ಎಂದು ಮನೆಯವರನ್ನು ಗೌರವದಿಂದ ಹೆಸರಿಸಿಯೇ ಬರೆಯಬೇಕಂತೆ.

ಆ ಮನುಷ್ಯನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನು, ಆ ಜಪಾನಿನವನು, ಅಷ್ಟೇ. ಈಗ ಅದನ್ನು ನನ್ನ ಅಮ್ಮನ ಸೀರೆಯ ಮೇಲೆ, ತಂಗಿಯ ಹೆಸರಿಗಿಂತ ಮೊದಲು ಬರೆಯಬೇಕು. ಅಪ್ಪನಿಗೆ ಗೊತ್ತಾದರೆ ಎಂದು ಗೊಣಗಿದೆ.

"ಬಾಗಿಲಿನ ಮೇಲೆ ಯಾರ ಹೆಸರುಂಟೋ ಅವರನ್ನು ಕರೆಯದೆ ಒಳಗೆ ಹೋಗ್ಲಿಕ್ಕೆ ಆಗ್ತದಾ?" ಎಂದರು ಅಕ್ಕ.

ಗಂಡ ಎಲ್ಲಿಂದಲೋ ಆ ಜಪಾನಿನವನ ಹಳೆಯ ವಿಸಿಟಿಂಗ್ ಕಾರ್ಡು ಹುಡುಕಿ ತಂದರು. ಅಕ್ಕ ಹೊಸ ಕಾಗದ ಸುತ್ತಿ, ನಾಗಾನೊದಿಂದ ಶುರುಮಾಡಿ ಒಂದೊಂದೇ ಗೆರೆ ಎಳೆಯುತ್ತಾ ಬಂದರು. ಮನೆಯವರ ಹೆಸರು ಬಂದಾಗ ಪೆನ್ನು ಎತ್ತಿ ನನ್ನ ಮುಖ ನೋಡಿದರು. ಬರೆಯಿರಿ ಎಂದೆ.

ಮತ್ತೆ ಕಳಿಸಿದೆವು. ಈ ಸಲ ಫೋನಿನಲ್ಲಿ ಅದರ ಜಾಡು ನೋಡುತ್ತಾ ಕೂತೆ. ಒಂದು ದಿನ, ಮನೆಯಲ್ಲಿ ಯಾರೂ ಇರಲಿಲ್ಲ, ಬಾಗಿಲಲ್ಲಿ ಚೀಟಿ ಬಿಟ್ಟಿದ್ದೇವೆ ಎಂದು ಬಂತು. ಮೇಲಕ್ಕೆ ಓಡಿದೆ. ಅಕ್ಕ ನಿಧಾನವಾಗಿ ಹೇಳಿದರು: ಆ ಚೀಟಿ ನೋಡಿದವರು, ಇಂಥ ದಿನ ಇಂಥ ಹೊತ್ತಿಗೆ ತನ್ನಿ ಎಂದು ತಿಳಿಸಿದರೆ ಪೋಸ್ಟಿನವರು ಮತ್ತೆ ತರುತ್ತಾರೆ. ಒಂದು ವಾರ ಇಟ್ಟುಕೊಂಡಿರುತ್ತಾರೆ. ಯಾರೂ ಕೇಳದಿದ್ದರೆ ವಾಪಸ್ಸು.

"ಹೋದ ಸಲ ಅವಳಿಗೆ ಗೊತ್ತೇ ಆಗಲಿಲ್ಲ. ಈ ಸಲ ಗೊತ್ತುಂಟು. ಇನ್ನು ನಾವು ಮಾಡುವುದು ಎಂತದೂ ಇಲ್ಲ."

ಆ ವಾರ ನಾನು ನಾನಾಗಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಈಗ ಹಿಂದಕ್ಕೆ ಬಂದರೆ ಅದು ಬೇಡ ಎನ್ನುವ ಅವಳ ಮಾತೇ ಆಗುತ್ತಿತ್ತು. ಅಕ್ಕ ಸಂಜೆ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಸಮುದ್ರದ ಕಡೆಯಿಂದ ಬೆಳಕು ಇಳಿಯುತ್ತಾ ಹೋಗುವುದನ್ನು ನೋಡುತ್ತಾ, ದೂರದ ಯಾವುದೋ ಪೋಸ್ಟಾಫೀಸಿನ ಕಪಾಟಿನಲ್ಲಿ ಅಮ್ಮನ ಸೀರೆ ತಣ್ಣಗೆ ಮಲಗಿರುವುದನ್ನು ಇಬ್ಬರೂ ನೆನೆಯುತ್ತಿದ್ದೆವು. ವಾರ ಮುಗಿಯುವ ಮೊದಲೇ, ತಲುಪಿದೆ ಎಂದು ಬಂತು.

ಫೋನೂ ಬಂತು. ವಿಡಿಯೋದಲ್ಲಿ ತಂಗಿ, ಸ್ವೆಟರಿನ ಮೇಲೆ ಅಮ್ಮನ ಸೀರೆಯನ್ನು ಶಾಲಿನಂತೆ ಹೊದ್ದುಕೊಂಡಿದ್ದಳು. ಚೀಟಿ ಸಿಕ್ಕಿದ್ದು ಅವಳ ಅತ್ತೆಗಂತೆ. ಎಲ್ಲೋ ಮರಳುಗಾಡಿನಿಂದ ಯಾರೋ ತಮ್ಮ ಮನೆಯ ಹೆಸರನ್ನು ಇಷ್ಟು ಮರ್ಯಾದೆಯಿಂದ ಬರೆದಿದ್ದಾರೆ ಎಂದು ತಾವೇ ಪೋಸ್ಟಿಗೆ ಫೋನ್ ಮಾಡಿ, ಹೇಳಿದ ಹೊತ್ತಿಗೆ ಬಾಗಿಲಲ್ಲೇ ಕಾದಿದ್ದರಂತೆ. "ನೀವ್ಯಾರೂ ಅವರ ಹೆಸರು ಹೇಳೋದೇ ಇಲ್ಲ ಅಂದ್ಕೊಂಡಿದ್ದೆ ಕಣೇ" ಎಂದಳು ತಂಗಿ.

ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ ಬೇಕಾದದ್ದು ಒಂದೇ. ಬೀದಿ ತೋರಿಸುತ್ತೀಯಾ ಎಂದು ಸಂಕೋಚದಿಂದ ಕೇಳಿದರು. ತಂಗಿ ಬೂಟು ಹಾಕಿಕೊಂಡು ಫೋನು ಹಿಡಿದು ಹೊರಗೆ ನಡೆದಳು. ಹಿಮ ಸಣ್ಣಗೆ ಬೀಳುತ್ತಿತ್ತು. ಕರೆಂಟು ಕಂಬದ ಮೇಲೆ ಬ್ಲಾಕಿನ ನಂಬರಿನ ಪುಟ್ಟ ಹಲಗೆ ಕಂಡಾಗ ಅಕ್ಕ ಅದನ್ನು ಓದಿದರು. ಎಡಕ್ಕೆ ತಿರುಗು, ಮುಂದಿನ ಬ್ಲಾಕ್ ಬರಬೇಕು ಎಂದರು. ಬಂತು. ಮಂಗಫ್‌ನ ನಮ್ಮ ಕೋಣೆಯಲ್ಲಿ ಏಸಿ ಗುಂಯ್‌ಗುಡುತ್ತಿತ್ತು, ಅಕ್ಕ ಸೆರಗನ್ನು ಭುಜದ ಸುತ್ತ ಎಳೆದುಕೊಂಡರು. ಚಳಿ ಉಂಟು ಎಂದರು.

ಆಮೇಲಿನ ವರ್ಷಗಳಲ್ಲಿ ತಂಗಿ ನನಗಿಂತ ಹೆಚ್ಚು ಅವರ ಜೊತೆಗೇ ಮಾತಾಡುತ್ತಿದ್ದಳು. ಅಪ್ಪ ಇನ್ನೂ ಮಣಿದಿಲ್ಲ, ಅದು ಬೇರೆ ಕತೆ.

ಕಳೆದ ಚಳಿಗಾಲದಲ್ಲಿ ಅಕ್ಕ ಆಫೀಸಿನಲ್ಲೇ ಕುಸಿದುಬಿದ್ದರು. ಸುದ್ದಿ ತಿಳಿದು ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿನಿಂದ ಅಕ್ಕನ ಅಣ್ಣನ ಮಗ ಹೊರಟಿದ್ದಾನೆ ಎಂದು ಅವರ ಕಂಪನಿಯವರು ಹೇಳಿದರು. ನನಗೆ ಕಣ್ಣೀರು ಬರಲಿಲ್ಲ, ಕಾರಿಡಾರಿನ ಗೋಡೆಗೆ ಒರಗಿ ತಂಗಿಗೆ ಫೋನ್ ಮಾಡಿದೆ. ಅಕ್ಕ ಎಂದೆ, ಮುಂದೆ ಹೇಳಲಾಗಲಿಲ್ಲ. ಅವಳಿಗೆ ತಿಳಿಯಿತು.

"ಅಳು ಕಣೇ, ನಾನಿದ್ದೀನಿ" ಎಂದಳು.

ಹಾಗೆ ಹೇಳುವುದಕ್ಕೆ ಆ ದಿನ ನನಗೊಬ್ಬ ತಂಗಿ ಇದ್ದಳು. ಅವಳನ್ನು ಉಳಿಸಿಕೊಟ್ಟವರು ಒಳಗೆ ಬಿಳಿಯ ಬಟ್ಟೆಯಡಿ ಮಲಗಿದ್ದರು.