ನರ್ಸಮ್ಮನ ಬೀರುವಿನಲ್ಲಿದ್ದ ತಾಯಿ ಕಾರ್ಡು

ಕೆಂಚಾರ್ಲಹಳ್ಳಿ ಕಡೆಯ ನಮ್ಮೂರ ಆರೋಗ್ಯ ಉಪಕೇಂದ್ರದಲ್ಲಿ ಒಬ್ಬ ನರ್ಸಮ್ಮ ಇದ್ದರು. ಬಸುರಿಯರಿಗೆ ತಾಯಿ ಕಾರ್ಡು ಮಾಡಿಕೊಡುವಾಗ ಗಂಡಂದಿರು ಹೊರಗೆ ಬೈಕಿನ ಮೇಲೆ ಕೂತಿದ್ದರೆ ಅವರಿಗೆ ಸರಿಹೋಗುತ್ತಿರಲಿಲ್ಲ. ಕನ್ನಡಕವನ್ನು ತಲೆಗೇರಿಸಿಕೊಂಡು ಕಿಟಕಿಯಿಂದ ಕೂಗುತ್ತಿದ್ದರು: “ಅಪ್ಪ ಆಗೋನು ಎಲ್ಲಿ? ಒಳಕ್ಕೆ ಬರ್ಲಿ!” ಅವನು ಬಂದು ತನ್ನ ಹೆಸರನ್ನು ತಾನೇ ಹೇಳುವವರೆಗೆ ಪೆನ್ನು ಅಲುಗುತ್ತಿರಲಿಲ್ಲ.

ನಾನೂ ನಾಚುತ್ತ ಹೇಳಿದ್ದೆ; ಕೈಯಲ್ಲಿನ್ನೂ ಹಿಪ್ಪುನೇರಳೆ ಸೊಪ್ಪಿನ ವಾಸನೆಯಿತ್ತು. ಕಾರ್ಡು ಮನೆಗೆ ಬಂದ ಹದಿನೈದು ದಿನಕ್ಕೆ ಹೆಂಡತಿಯ ಬಸಿರು ಇಳಿದುಹೋಯಿತು. “ಮೂರು ತಿಂಗ್ಳು ತುಂಬೋ ಮುಂಚೆ ಬರ್ಸಿದ್ದಕ್ಕೇ ದೃಷ್ಟಿ ಆಯ್ತು,” ಎಂದಳು ನನ್ನಮ್ಮ. ಹರಿದುಹಾಕಿ ಎಂದು ಹೇಳಿ ಕಾರ್ಡನ್ನು ನರ್ಸಮ್ಮನ ಮೇಜಿನ ಮೇಲಿಟ್ಟು ಬಂದೆ.

ಮರುವರ್ಷ ಹೆಂಡತಿ ಮತ್ತೆ ಬಸುರಿಯಾದಾಗ ಅಮ್ಮ ಕಾರ್ಡೇ ಬೇಡವೆಂದು ಹಟ ಹಿಡಿದಳು. ನರ್ಸಮ್ಮ ಮನೆಗೇ ಬಂದರು, ಜಗಳವಾಡಲಿಲ್ಲ.

“ಬರೆಯೋದು ಬರೀತೀನಿ. ಕಾರ್ಡು ನನ್ನ ಬೀರೂಲೇ ಇರ್ಲಿ ಬಿಡಮ್ಮ, ನಿಮ್ಮನೆ ಹೊಸ್ಲೊಳಕ್ಕೆ ಬರಲ್ಲ.”

ಪ್ರತಿ ತಿಂಗಳೂ ಅಲ್ಲಿಗೇ ಹೋಗಿ ತೂಕ, ಬಿ.ಪಿ. ಬರೆಸಿ ಬಂದೆವು.

ನೋವು ಶುರುವಾದ ದಿನ ಕಾರ್ಡು ತರಲು ಓಡಿದೆ. ನರ್ಸಮ್ಮ ಬೀರುವಿನಿಂದ ಎರಡು ಕಾರ್ಡು ತೆಗೆದರು. ಹಳೆಯದು ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು.

“ಇದ್ರಲ್ಲೂ ಅಪ್ಪ ಅಂತ ನೀನೇ ಹೆಸ್ರು ಹೇಳಿದ್ದು ಕಣಪ್ಪ. ಹರಿಯೋಕೆ ಕೈ ಬರ್ಲಿಲ್ಲ,” ಎಂದರು.

ಎರಡನ್ನೂ ತೆಗೆದುಕೊಂಡು ಹೆಂಡತಿಯ ಜೊತೆ ಚಿಂತಾಮಣಿಯ ಆಸ್ಪತ್ರೆಗೆ ಹೋದೆ.

“ಮೊದಲನೇ ಮಗೂನಾ?” ಎಂದು ಕೌಂಟರಿನಲ್ಲಿ ಕೇಳಿದರು.

“ಎರಡನೇದು,” ಎಂದೆ.